ಹಂದಿಗೆ ನಾನೂರ ಐವತ್ತೆಂಟು

ನಿವೃತ್ತಿಯ ಮಾತು ಬರೆಯಲು ಕೂತವನಿಗೆ ಕನಿಷ್ಠ ಮಂಡಿನೋವಾದರೂ ಇರಬೇಕು. ನನಗಿನ್ನೂ ಮೂವತ್ತಮೂರು. ಮಂಡಿ ಗಟ್ಟಿಯಾಗಿದೆ. ತಲೆಯಲ್ಲಿ ಒಂದು ಬಿಳಿ ಕೂದಲಿದೆ, ಅದನ್ನೂ ಹೆಂಡತಿ ಕಂಡಕಂಡಾಗ ಕೀಳುತ್ತಾಳೆ. ಆದರೂ ನಾನು ನಿವೃತ್ತ. ಶಾಲು ಹೊದಿಸಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ, ನನ್ನ ಸೇವೆಯನ್ನು ಹೊಗಳಿ ಯಾರೂ ಮೈಕ್ ಹಿಡಿಯಲಿಲ್ಲ. ಹಿಡಿಯುವವರು ಇಲ್ಲದಿದ್ದರೆ ಬೇಡ, ಮೈಕ್ ಒಂದನ್ನು ಕೊಟ್ಟಿದ್ದರೂ ಸಾಕಿತ್ತು. ಶಾಸಕರ ದನಿಯಲ್ಲಿ ನನ್ನನ್ನು ನಾನೇ ಹೊಗಳಿಕೊಂಡು ಬರುತ್ತಿದ್ದೆ.

ಹಗರಿಬೊಮ್ಮನಹಳ್ಳಿಯಲ್ಲಿ ಬಂದೂಕು, ತೋಟಾ ಮಾರುವ ಅಂಗಡಿಯೊಂದರಲ್ಲಿ ನಾನು ದುಡಿದೆ. ಮೀಸೆ ಸರಿಯಾಗಿ ಚಿಗುರುವ ಮೊದಲು ಸೇರಿದವನು. ಮಾಲೀಕರು ವೀರಣ್ಣ ಸಾವ್ಕಾರ್ರು. ರಿಪೇರಿ ಮಾಡುವವರು ಖಾದರ್ ಚಾಚಾ. ಒರೆಸುವುದು, ಎಣ್ಣೆ ಹಚ್ಚುವುದು, ಚಹಾ ತರುವುದು, ಗಿರಾಕಿ ಹೋದಮೇಲೆ ಗಿರಾಕಿಯ ಹಾಗೆ ಮಾತಾಡಿ ಉಳಿದಿಬ್ಬರನ್ನು ನಗಿಸುವುದು ನನ್ನ ಕೆಲಸ. ಕೊನೆಯದಕ್ಕೆ ಸಂಬಳವಿರಲಿಲ್ಲ. ಸಾವ್ಕಾರ್ರಿಗೆ ಏನು ಕೇಳಿದರೂ ಗಂಟಲು ಸರಿಮಾಡಿಕೊಂಡು “ಅದರ ಬಗ್ಗೆ ಎರಡು ಮಾತಿಲ್ಲ” ಅನ್ನುವ ಚಾಳಿ. ಆ ದನಿಯಲ್ಲಿ ಚಾಚಾಗೆ ಫೋನ್ ಮಾಡಿ, “ಮಲ್ಲೇಶನ್ನ ಇವತ್ತು ಲಗೂನ ಮನಿಗೆ ಕಳಸು” ಎಂದು ನನಗೆ ನಾನೇ ರಜೆ ಮಂಜೂರು ಮಾಡಿಕೊಂಡದ್ದುಂಟು.

ಈ ಕಸುಬಿಗೆ ಹೊಸದಾಗಿ ಬರುವವರು ನಮ್ಮ ಕಡೆ ಈಗಲೂ ಇದ್ದಾರೆ. ಬ್ಯಾಂಕಿನ ಗನ್‌ಮ್ಯಾನ್ ಆಗುವವರು, ದಾವಣಗೆರೆಯ ಅಂಗಡಿಗೆ ಹೋಗುವವರು. ಅವರಿಗಾಗಿ ಬರೆಯುತ್ತಿದ್ದೇನೆ. ಅವರು ಕೇಳುವ ಮೊದಲನೇ ಪ್ರಶ್ನೆ ನನಗೆ ಗೊತ್ತು: “ಅಣ್ಣಾ, ಯಾವ ರೈಫಲ್ ಜೋರೈತಿ?” ಆ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳುವುದೇ ಈ ಬರಹ.

ಮೊದಲು ಗಿರಾಕಿಗಳ ವಿಚಾರ. ನಮ್ಮ ಅಂಗಡಿಯ ಗೋಡೆಗೊಂದು ಆಳೆತ್ತರದ ಕನ್ನಡಿ ಇತ್ತು. ಸಾವ್ಕಾರ್ರು ತಮ್ಮ ಪಂಚೆಯ ನೆರಿಗೆ ನೋಡಿಕೊಳ್ಳಲು ಹಾಕಿಸಿದ್ದು. ನಾನು, ಚಾಚಾ, ಸಾವ್ಕಾರ್ರು ಮೂವರೂ ಸೇರಿ ಮಾರಿದ್ದಕ್ಕಿಂತ ಹೆಚ್ಚು ಬಂದೂಕನ್ನು ಆ ಕನ್ನಡಿ ಮಾರಿದೆ. ಬಂದವನು ರೈಫಲ್ ಎತ್ತುತ್ತಾನೆ, ಕೆನ್ನೆಗೆ ಒತ್ತಿಕೊಳ್ಳುತ್ತಾನೆ, ಗುರಿ ನೋಡಬೇಕಾದ ಕಣ್ಣು ಸೀದಾ ಕನ್ನಡಿಗೆ. ಎಡಗೈಯಲ್ಲಿ ಮೀಸೆ. “ಒಂದು ಫೋಟೊ ಹೊಡಿಯಪ” ಎಂದು ಮೊಬೈಲು ನನ್ನ ಕೈಗೆ. ನಳಿಗೆಯಲ್ಲಿ ತುಕ್ಕಿದೆಯೇ, ಹಿಡಿ ತನ್ನ ತೋಳಿನ ಅಳತೆಗೆ ಕೂರುತ್ತದೆಯೇ, ಹೊಡೆಯಬೇಕಾದ್ದು ಏನು, ಎಲ್ಲಿ, ಇಂಥ ಪ್ರಶ್ನೆ ಕೇಳಿದವರು ಅಪರೂಪ. ಫೋಟೊದಲ್ಲಿ ಹೊಟ್ಟೆ ಕಾಣುತ್ತದೆಯೇ ಎಂದು ಕೇಳದವರು ಇಲ್ಲ.

ಮುಂಚೆ ಬರುತ್ತಿದ್ದವರು ಬೆಳೆ ಕಾಯುವ ಬಂದೂಕಿನ ರೈತರು. ಜೋಡು ನಳಿಗೆ, ಒಂದಿಷ್ಟು ಸಣ್ಣ ಗುಂಡಿನ ಛರ್ರೆ ತೋಟಾ, ಮುಗಿಯಿತು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತಂದು ನಮ್ಮಲ್ಲಿ ಎಣ್ಣೆ ಹಾಕಿಸುವುದು. ಹಂದಿಗಳಿಗೆ ಮಾತ್ರ ಚುನಾವಣೆ ಅಂದರೆ ಹಬ್ಬ. ಬಂದೂಕೆಲ್ಲ ಠಾಣೆಯಲ್ಲಿ, ಮೆಕ್ಕೆಜೋಳವೆಲ್ಲ ಹೊಲದಲ್ಲಿ. ಆಮೇಲೆ ಮೊಬೈಲು ಬಂತು, ವಿಡಿಯೋ ಬಂದವು. ಆಫ್ರಿಕಾದಲ್ಲಿ ಯಾರೋ ಟೊಪ್ಪಿಗೆ ಹಾಕಿದವನು ಕಾಡೆಮ್ಮೆ ಹೊಡೆಯುತ್ತಾನೆ, ಅದನ್ನು ನೋಡಿದವನು ಕೂಡ್ಲಿಗಿಯಿಂದ ಬಂದು “ಮ್ಯಾಗ್ನಮ್ ಐತೇನ್ರಿ?” ಅನ್ನುತ್ತಾನೆ. ಮ್ಯಾಗ್ನಮ್ ಅಂದರೆ ತೋಟಾದಲ್ಲಿ ಮದ್ದು ಹೆಚ್ಚು, ಗುಂಡಿಗೆ ಜೋರು ಹೆಚ್ಚು, ಹೆಗಲಿಗೆ ಒದೆತ ಹೆಚ್ಚು, ಕೊಂಡವನ ಮಾತಿಗೆ ಜಂಬ ಹೆಚ್ಚು. ಇಂಥ ರೈಫಲ್ಲಿಗೆ ನಳಿಗೆಯ ತೂತಿನ ಅಳತೆಯೇ ಹೆಸರು. ಮುನ್ನೂರ ಎಪ್ಪತ್ತೈದು ಅನ್ನುವುದು ಹುಲಿ, ಕಾಡುಕೋಣ ಹೊಡೆಯುತ್ತಿದ್ದ ಕಾಲದ್ದು. ನಾನೂರ ಐವತ್ತೆಂಟು ಆನೆಗೆಂದೇ ಮಾಡಿದ್ದು. ನಮ್ಮ ಈ ಐದು ತಾಲ್ಲೂಕಿನಲ್ಲಿ ಆನೆ ಕಾಣುವುದು ಲಗ್ನಪತ್ರಿಕೆಯ ಮೇಲೆ.

ಆ ಎರಡೂ ನಂಬರಿನ ರೈಫಲ್ಲು ಒಟ್ಟಿಗೇ ನಮ್ಮ ಅಂಗಡಿಗೆ ಬಂದವು. ಯಾವುದೋ ಹಳೇ ದೊಡ್ಡ ಮನೆತನದ ಮೊಮ್ಮಗ, ಅಜ್ಜನ ಶಿಕಾರಿ ಸಾಮಾನನ್ನು ಮಾರಿಕೊಡಿ ಎಂದು ಕಾಗದಪತ್ರದ ಸಮೇತ ತಂದುಕೊಟ್ಟ. ಜೊತೆಗೆ ಹಳೆಯ ತೋಟಾದ ಡಬ್ಬಿಗಳು. ಚಾಚಾ ಆ ನಾನೂರ ಐವತ್ತೆಂಟರ ಮೇಲೆ ಮನಸ್ಸಿಟ್ಟುಬಿಟ್ಟರು. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಮೊದಲು ಅದರ ಮೈ ಒಮ್ಮೆ ಸವರುವರು. “ಬೇಗಂಗೂ ಇಷ್ಟು ಮಾಡಿದ್ದಿಲ್ಲಲ್ಲ ಚಾಚಾ” ಅಂದರೆ, “ಬೇಗಂ ಬೈತಾಳ, ಇದು ಬೈಯಂಗಿಲ್ಲ” ಅನ್ನುವರು.

ಬೈಯುವುದಿಲ್ಲ ನಿಜ, ಒದೆಯುತ್ತದೆ. ಪಾಳುಬಿದ್ದ ಕಲ್ಲು ಕ್ವಾರಿಯಲ್ಲಿ ಎರಡನ್ನೂ ಒಮ್ಮೆ ಹೊಡೆದು ನೋಡಲು ಹೋದೆವು. ಮುನ್ನೂರ ಎಪ್ಪತ್ತೈದಕ್ಕೆ ದುರ್ಬೀನು ಕೂರಿಸಿತ್ತು. ನಾನು ಗಿರಾಕಿಯೊಬ್ಬನ ಠೀವಿಯನ್ನು ಅಣಕಿಸುತ್ತ, ಹೊಟ್ಟೆ ಮುಂದೆ ಮಾಡಿ, ಹಿಡಿಯನ್ನು ಹೆಗಲಿಗೆ ಸರಿಯಾಗಿ ಒತ್ತದೆ ಕುದುರೆ ಎಳೆದೆ. ದುರ್ಬೀನಿನ ಅಂಚು ಬಂದು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು. ಓಣಿಯವರೆಲ್ಲ “ಹೆಂಡ್ತಿ ಲಟ್ಟಣಿಗಿ ತಗಂಡ್ಲೇನಲೇ?” ಎಂದು ಕೇಳಿದರು. ನಾನು ಹೌದೆಂದೆ. ಬಂದೂಕಿನ ಅಂಗಡಿಯವನಿಗೆ ಬಂದೂಕೇ ಹೊಡೆಯಿತು ಅನ್ನುವುದಕ್ಕಿಂತ ಅದರಲ್ಲಿ ಮರ್ಯಾದೆ ಹೆಚ್ಚಿತ್ತು.

ಆ ಗಾಯ ಒಣಗುವ ಹೊತ್ತಿಗೆ ಶಿವನಗೌಡ್ರು ಬಂದರು. ಕೊಟ್ಟೂರಿನ ಆಚೆ ಕಲ್ಲಿನ ಕ್ರಷರ್ ಇಟ್ಟವರು, ಹೊಸಹಳ್ಳಿ ಕಡೆ ಮೆಕ್ಕೆಜೋಳದ ಹೊಲ ಇದ್ದವರು. ಕೆಟ್ಟ ಮನುಷ್ಯರೇನಲ್ಲ, ಬಂದಾಗಲೆಲ್ಲ ಮಿರ್ಚಿ ಮಂಡಕ್ಕಿ ತರಿಸಿ ನಮಗೆ ತಿನ್ನಿಸಿಯೇ ಮಾತು ಶುರು ಮಾಡುವವರು. ಹಂದಿ ಕಾಟವೂ ಸುಳ್ಳಲ್ಲ. ಅವರ ಹೊಲ ನಾನೇ ನೋಡಿದ್ದೇನೆ, ರೋಡ್ ರೋಲರ್ ಹೋದಂತೆ ಮಲಗಿತ್ತು. ಹೊಡೆಯಲು ಅನುಮತಿಯ ಕಾಗದವನ್ನೂ ಮಾಡಿಸಿಕೊಂಡಿದ್ದರು. ಎರಡೂ ರೈಫಲ್ಲನ್ನು ಮೇಜಿನ ಮೇಲಿಟ್ಟೆ.

“ಏನಲೇ ಮಲ್ಲೇಶ, ಯಾವುದು ಜೋರೈತಿ?”

“ಗೌಡ್ರ, ಮುನ್ನೂರ ಎಪ್ಪತ್ತೈದು ಒದ್ರ ಹೆಗಲು ನೋಯ್ತತಿ. ನಾನೂರ ಐವತ್ತೆಂಟು ಒದ್ರ ಹಿಂದಿನ ಜನ್ಮದ್ದೂ ನೆನಪಾಕ್ಕತಿ.”

“ಹಂಗಾದ್ರ ದೊಡ್ಡದನ್ನ ಎತ್ತು.”

ಸಾವ್ಕಾರ್ರು ಗಂಟಲು ಸರಿಮಾಡಿಕೊಂಡರು. “ಗೌಡ್ರು ಅಂದ್ಮ್ಯಾಲ ದೊಡ್ಡದ ಸೈ. ಅದರ ಬಗ್ಗೆ ಎರಡು ಮಾತಿಲ್ಲ.”

ಚಾಚಾ ಕಣ್ಣು ಮಿಂಚಿಸಿ, “ನಳಿಗಿ ಒಳಗ ನೋಡ್ರಿ ಸಾಹೇಬ್ರ, ಆಯ್ನಾ ಐತಿ, ಕನ್ನಡಿ” ಅಂದರು.

ಅಷ್ಟಾದಮೇಲೆ ತೋಟಾದ ಮಾತು ಬಂತು. ಇದನ್ನು ನೀವು ಚೆನ್ನಾಗಿ ತಿಳಿಯಬೇಕು. ಮೂತಿ ಮೆತ್ತಗಿರುವ ಗುಂಡು ಪ್ರಾಣಿಯ ಮೈಯೊಳಗೆ ಅರಳುತ್ತದೆ, ಜೋರು ಕಳೆದುಕೊಳ್ಳುತ್ತದೆ. ಗಟ್ಟಿ ಗುಂಡು ಅರಳುವುದಿಲ್ಲ. ಆನೆಯ ತಲೆಬುರುಡೆ ತೂತು ಮಾಡಲೆಂದು ಅದಕ್ಕೆ ಮೈತುಂಬ ಲೋಹದ ಅಂಗಿ ಹೊಲಿದಿರುತ್ತಾರೆ. ನಾನೂರ ಐವತ್ತೆಂಟರ ಡಬ್ಬಿಯಲ್ಲಿ ಇದ್ದದ್ದೆಲ್ಲ ಗಟ್ಟಿ ಗುಂಡು. ಚಾಚಾ ಅದನ್ನು ಹೇಳಿದರು. “ಮೆತ್ತನ ಮೂತಿದು ಸಿಗೋತನ ತಡೀರಿ ಸಾಹೇಬ್ರ, ಇದು ಹಂದ್ಯಾಗ ನಿಲ್ಲಂಗಿಲ್ಲ” ಅಂದರು.

ಗೌಡ್ರು ಮಂಡಕ್ಕಿ ಬಾಯಿಗೆ ಎಸೆದುಕೊಂಡು ಹೇಳಿದ್ದು ಇದು: “ಹಂದ್ಯಾಗ ನಿಂತ್ಕಂಡ್ರ ಅದೇನ್ ಗುಂಡೋ ಸಾಬಣ್ಣ! ಹಂದಿ ದಾಟಿ ಆಚಿ ಕಲ್ಲು ಸೀಳ್ಬೇಕು. ಆವಾಗ ರೊಕ್ಕ ಕೊಟ್ಟಿದ್ದಕ್ಕ ಸಾರ್ಥಕ.”

ಎಲ್ಲರೂ ನಕ್ಕೆವು. ಆ ಸಂಜೆ ಆ ಮಾತನ್ನು ಅವರ ದನಿಯಲ್ಲಿ, ಮಂಡಕ್ಕಿ ಜಗಿಯುವ ಸದ್ದಿನ ಸಮೇತ ಆಡಿ ತೋರಿಸಿದೆ.

ಮೊದಲ ಸಲ ಹೊಡೆಯುವ ದಿನ ಅಂಗಡಿಯ ಮನುಷ್ಯ ಜೊತೆಗಿರಬೇಕು ಎಂದು ಗೌಡ್ರು ನನ್ನನ್ನು ಕರೆಸಿಕೊಂಡರು. ಬೆಳಕು ಹರಿದಿತ್ತು. ಆಳುಗಳು ಡಬ್ಬಿ ಬಾರಿಸುತ್ತ ಮೆಕ್ಕೆಜೋಳದ ಒಂದು ಬದಿಯಿಂದ ನುಗ್ಗಿದರು, ಇನ್ನೊಂದು ಬದಿಯ ಬದುವಿನಲ್ಲಿ ಗೌಡ್ರು, ಅವರ ಹಿಂದೆ ನಾನು. ಹಂದಿ ಹೊರಬಿದ್ದು, ನಮ್ಮನ್ನು ಕಂಡು ಪಕ್ಕದ ಇಳಿಜಾರಿನ ಕಡೆ ತಿರುಗಿತು. ದೊಡ್ಡದು. ಗೌಡ್ರು ಹೊಡೆದರು. ಸದ್ದಿಗೆ ನನ್ನ ಕಿವಿ ಗುಂಯ್‌ಗುಟ್ಟಿತು, ಗೌಡ್ರು ಒದೆತಕ್ಕೆ ಬದುವಿನ ಮೇಲೆ ಕೂತುಬಿಟ್ಟರು, ಹಂದಿ ಅಲ್ಲೇ ಉರುಳಿತು. ಕೂತಲ್ಲಿಂದಲೇ “ಹೆಂಗಲೇ!” ಅಂದರು. ಅಷ್ಟರಲ್ಲೇ ಹಂದಿಯ ಆಚೆ, ಇಳಿಜಾರಿನಿಂದ, ಹೆಂಗಸಿನ ಚೀರು ಕೇಳಿತು.

ನಮ್ಮ ಕಡೆ ಬೆಳೆ ತೆಗೆದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ರೂಢಿ ನಿಮಗೆ ಗೊತ್ತೇ ಇದೆ. ಕುರಿಯವರು ಹಿಂಡು ತಂದು ಬಲೆ ಕಟ್ಟಿ ಅಲ್ಲೇ ಉಳಿಯುತ್ತಾರೆ, ಹೊಲದವರು ಕಾಳು ಕೊಡುತ್ತಾರೆ. ಆ ಇಳಿಜಾರಿನ ತುಂಡು ಗೌಡ್ರದೇ. ಹಿಂದಿನ ಸಂಜೆ ಹಿಂಡನ್ನು ಅಲ್ಲಿಗೆ ಬದಲಿಸಲು ಹೇಳಿ ಕಳಿಸಿದವರೂ ಗೌಡ್ರೇ. ತಮ್ಮ ಹೊಲಕ್ಕೆ ತಾವೇ ಕುರಿ ಕರೆಸಿ, ಬೆಳಗ್ಗೆ ಅದೇ ದಿಕ್ಕಿಗೆ ಆನೆಯ ಗುಂಡು ಹಾರಿಸಿದ್ದರು.

ಓಡಿದೆ. ಒಂದು ಕುರಿ ಬಲೆಯ ಪಕ್ಕ ಸತ್ತು ಬಿದ್ದಿತ್ತು. ಅದರಾಚೆ ಕುರಿಯವ ಹಾಲಪ್ಪ ಎಡತೋಳು ಹಿಡಿದು ಕೂತಿದ್ದ. ಮೊಣಕೈ ಕೆಳಗೆ ಮಾಂಸ ಸೀಳಿತ್ತು. ಅವನ ಹೆಂಡತಿ ಮೈಲವ್ವ ಸೆರಗು ಹರಿದು ಸುತ್ತುತ್ತಿದ್ದಳು. ಆಳುಗಳು ಬಂದರು, ಗೌಡ್ರ ಜೀಪು ಬಂತು, “ದೊಡ್ಡಾಸ್ಪತ್ರಿಗೆ ಒಯ್ತೀವಿ, ನೀ ರೈಫಲ್ ನೋಡ್ಕ” ಎಂದು ನನ್ನನ್ನು ಬಿಟ್ಟು ಗಂಡಹೆಂಡಿರನ್ನು ಕೂರಿಸಿಕೊಂಡು ಹೋದರು. ನಾನು ನಂಬಿದೆ.

ಮರುದಿನ ಸಾವ್ಕಾರ್ರು ನನ್ನಿಂದಲೇ ಕಾರು ಓಡಿಸಿ, ನನ್ನನ್ನೂ ಚಾಚಾರನ್ನೂ ಗೌಡ್ರ ಮನೆಗೆ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಊರಿನ ಹಿರಿಯರು ಕೂತಿದ್ದರು. ಕಂಬದ ಬುಡದಲ್ಲಿ ಹಾಲಪ್ಪ, ಪಕ್ಕದಲ್ಲಿ ಮೈಲವ್ವ. ಅವನ ತೋಳು ಬಟ್ಟೆ ಸುತ್ತಿದ ಸೋರೆಕಾಯಿಯಂತೆ ಊದಿತ್ತು, ಮೈ ಜ್ವರದಿಂದ ನಡುಗುತ್ತಿತ್ತು. ದೊಡ್ಡಾಸ್ಪತ್ರೆಗೆ ಒಯ್ದೇ ಇರಲಿಲ್ಲ. ಗೌಡ್ರಿಗೆ ಬೇಕಾದ ಒಬ್ಬ ಹಳ್ಳಿ ಡಾಕ್ಟರು, ಪದವಿ ಗಿದವಿ ಇಲ್ಲದವನು, ಕುಡುಗೋಲಿನ ಗಾಯ ಎಂದು ಹೇಳಿದ್ದನ್ನು ಕೇಳಿಕೊಂಡು ಮೇಲೆ ಮೇಲೆ ಹೊಲಿದು ಕಳಿಸಿದ್ದ. ಈಗ ಆ ಮಾತನ್ನೇ ಗಟ್ಟಿ ಮಾಡುವ ಪಂಚಾಯ್ತಿ. ಸೊಪ್ಪು ಕಡಿಯುವಾಗ ಹಾಲಪ್ಪನ ಕುಡುಗೋಲು ಅವನಿಗೇ ತಾಗಿತು, ಗೌಡ್ರು ದೊಡ್ಡ ಮನಸ್ಸಿನಿಂದ ಖರ್ಚು ನೋಡಿಕೊಳ್ಳುತ್ತಾರೆ, ಕುರಿ ಮೇಯಿಸಲು ಮುಂದೆಯೂ ಹೊಲ ಬಿಡುತ್ತಾರೆ. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋದರೆ ಗುಂಡಿನ ಗಾಯ ಅನ್ನಬೇಕಾಗುತ್ತದೆ, ಪೊಲೀಸರು ಬರುತ್ತಾರೆ. ಅದಕ್ಕೇ ಹೋಗುವುದು ಬೇಡ.

ಹಾಲಪ್ಪ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದ. ಆ ಹೊಲಗಳಿಲ್ಲದಿದ್ದರೆ ಅವನ ಹಿಂಡಿಗೆ ನಿಲ್ಲಲು ನೆಲವಿಲ್ಲ. ಮೈಲವ್ವ ಮಾತ್ರ ಹೂಂ ಅನ್ನಲಿಲ್ಲ.

“ಕುಡುಗೋಲು ನನ್ನ ಹೆಗಲ ಮ್ಯಾಲಿತ್ರಿ. ಅವನ ಕೈಯಾಗ ಮರಿ ಇತ್ತು.”

“ಗಾಬ್ರಿಯಾಗ ನಿನಗೆಲ್ಲಿ ಕಂಡೀತವ್ವ” ಎಂದರು ಹಿರಿಯರೊಬ್ಬರು.

“ಕುರಿ ಸತ್ತೈತಲ್ಲ ಯಜಮಾನ್ರ, ಅದಕ್ಕೂ ಕುಡುಗೋಲು ತಾಗಿತೇನು? ತಂದು ತೋರಿಸ್ರಿ ಅದನ್ನ.”

ತೋರಿಸಲು ಕುರಿ ಎಲ್ಲಿತ್ತು? ಹಂದಿಯ ಜೊತೆ ಅದನ್ನೂ ಕ್ರಷರ್ ಆಳುಗಳಿಗೆ ಹಂಚಿ ಆಗಿತ್ತು. ಸಾಕ್ಷಿಯನ್ನು ಉಪ್ಪುಖಾರ ಹಚ್ಚಿ ತಿಂದುಬಿಟ್ಟಿದ್ದರು.

ಗೌಡ್ರು ಸಾವ್ಕಾರ್ರ ಕಡೆ ತಿರುಗಿದರು. “ಬಂದೂಕಿನ ವಿದ್ಯಾ ಬಲ್ಲೋರು ನೀವದೀರಿ. ಗುಂಡು ಹಂದಿ ದಾಟಿ ಅಷ್ಟು ದೂರ ಹೊಕ್ಕತೇನು? ಹೇಳ್ರಿ.”

“ಹೋಗಂಗಿಲ್ರಿ” ಎಂದರು ಸಾವ್ಕಾರ್ರು. “ಮ್ಯಾಗ್ನಮ್ ಗುಂಡು ಹಂದ್ಯಾಗ ಅರಳಿ ಅಲ್ಲೇ ನಿಂದರ್ತತಿ. ಅದರ ಬಗ್ಗೆ ಎರಡು ಮಾತಿಲ್ಲ.”

ಚಾಚಾ ತಮ್ಮ ಅಂಗಿಯ ಜೇಬು ಸವರುತ್ತಿದ್ದರು. “ನೀನೂ ಹೇಳಪ ಮಲ್ಲೇಶ, ನೀ ಅಲ್ಲೇ ಇದ್ದಿ” ಎಂದು ಗೌಡ್ರು ನಕ್ಕರು. ಅಂಗಡಿಯಲ್ಲಿ ನಗುವ ಅದೇ ನಗೆ. ನನಗೆ ಹಾಲಪ್ಪನ ಬೆರಳು ಕಾಣುತ್ತಿದ್ದವು, ಬದನೇಕಾಯಿಯ ಬಣ್ಣಕ್ಕೆ ತಿರುಗಿದ್ದವು. ಇನ್ನೊಂದು ದಿನ ಹೀಗೇ ಕೂತರೆ ಆ ತೋಳು ಅವನದಲ್ಲ.

ನಾನು ಬಾಯಿ ತೆರೆದೆ. ಬಂದದ್ದು ಗೌಡ್ರ ದನಿ.

“ಹಂದ್ಯಾಗ ನಿಂತ್ಕಂಡ್ರ ಅದೇನ್ ಗುಂಡೋ ಸಾಬಣ್ಣ! ಹಂದಿ ದಾಟಿ ಆಚಿ ಕಲ್ಲು ಸೀಳ್ಬೇಕು. ಆವಾಗ ರೊಕ್ಕ ಕೊಟ್ಟಿದ್ದಕ್ಕ ಸಾರ್ಥಕ.”

ಮಂಡಕ್ಕಿ ಜಗಿಯುವುದನ್ನೂ ಬಿಡಲಿಲ್ಲ. ಒಳಗಿನ ಕೋಣೆಯಲ್ಲಿದ್ದ ಗೌಡ್ರ ತಾಯಿ, ಮಗನೇ ಕರೆದನೆಂದು, “ಏನಂದ್ಯೋ ಶಿವ್ವಾ?” ಎಂದು ಕೇಳಿದರು. ಹಿರಿಯರಲ್ಲಿ ಇಬ್ಬರು ನಕ್ಕೇಬಿಟ್ಟರು. ಆಮೇಲೆ ತಾವು ಯಾವುದಕ್ಕೆ ನಕ್ಕೆವೆಂದು ತಿಳಿದು ಶಲ್ಯದಿಂದ ಬಾಯಿ ಒರೆಸಿಕೊಂಡರು.

“ಹುಚ್ಚ ಅದಾನಿವ, ನಕಲಿ ಮಾಡ್ತಾನ” ಎಂದರು ಸಾವ್ಕಾರ್ರು.

ಆಗ ಚಾಚಾ ಆ ಜೇಬಿನಿಂದ ಅದೇ ಡಬ್ಬಿಯ ಒಂದು ತೋಟಾ ತೆಗೆದು ಹಿರಿಯರ ಮುಂದಿನ ಚಾಪೆಯ ಮೇಲೆ ಇಟ್ಟರು. “ನಕಲಿ ಅಲ್ರಿ. ಅಂಗಡ್ಯಾಗ ಹಂಗ ಅಂದ್ರು. ನಾನು ನಿಲ್ಲಂಗಿಲ್ಲ ಅಂತ ಅಂದಿದ್ದೆ. ಇದು ಅರಳೋ ಗುಂಡಲ್ಲ, ಆನಿ ತಲಿಗೆ ಮಾಡಿದ್ದು.”

ಹಿರಿಯರು ತೀರ್ಮಾನ ಹೇಳಲೆಂದು ಮೈಲವ್ವ ಕಾಯಲಿಲ್ಲ. ಗಂಡನ ಒಳ್ಳೆಯ ತೋಳು ತನ್ನ ಹೆಗಲಿಗೆ ಹಾಕಿಕೊಂಡು ಎದ್ದಳು. “ಏಳು. ಹೊಲ ಇಲ್ಲದಿದ್ರ ರೋಡಿನ ದಂಡಿಗೆ ಮೇಯಿಸ್ತೀನಿ.” ಹಾಲಪ್ಪ “ಸುಮ್ಕಿರ” ಅಂದ, ಆದರೂ ಎದ್ದ. ಕಾರು ಸಾವ್ಕಾರ್ರದು, ಕೀಲಿ ನನ್ನ ಹತ್ತಿರ. ಬಳ್ಳಾರಿಯವರೆಗೂ ಚಾಚಾ ಹಿಂದಿನ ಸೀಟಿನಲ್ಲಿ ಆ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅಲ್ಲಿ ಹೊಲಿಗೆ ಬಿಚ್ಚಿದರು. ಗುಂಡು ಸೀಳಿಕೊಂಡು ಆಚೆ ಹೋಗಿತ್ತು. ತೋಳಿನಿಂದ ತೆಗೆದದ್ದು ಮೂಳೆಯ ಚೂರುಗಳು, ಹಾಲಪ್ಪನವಲ್ಲ, ಕುರಿಯವು. ಕುಡುಗೋಲು ತಾಗಿದರೆ ಮನುಷ್ಯನ ತೋಳೊಳಗೆ ಕುರಿಯ ಮೂಳೆ ಹೋಗುತ್ತದೆಯೇ ಎಂದು ಅಲ್ಲಿಯ ಡಾಕ್ಟರು ನನ್ನನ್ನೇ ಗದರಿದರು. ಬೈಸಿಕೊಂಡೆ. ತೋಳು ಉಳಿಯಿತು, ಮಣಿಕಟ್ಟು ತಿರುಗುವುದಿಲ್ಲ. ಮರಿ ಎತ್ತುತ್ತಾನೆ, ಬಲೆಯ ಗಂಟು ಕಟ್ಟಲು ಮೈಲವ್ವನೇ ಬೇಕು. ಪೊಲೀಸರು ರೈಫಲ್ ಒಯ್ದರು. ನಾನೂ ಚಾಚಾ ಕಂಡದ್ದನ್ನೂ ಕೇಳಿದ್ದನ್ನೂ ಹೇಳಿ ಬಂದೆವು. ಕೇಸು ನಡೆಯುತ್ತಿದೆ.

ನಿಮಗೆ ಅನ್ನಿಸಬಹುದು, ಇಷ್ಟಾದಮೇಲೆ ಗೌಡ್ರಿಗೆ ನಾಚಿಕೆ ಆಗಿರಬೇಕು ಎಂದು. ಈಗಲೂ ಕೊಟ್ಟೂರಿನ ಚಹಾ ಅಂಗಡಿಯಲ್ಲಿ ಕೂತು ಹೇಳುವುದು ಇದು: “ನಾನೂರ ಐವತ್ತೆಂಟು ತಗಂಡಿದ್ದ ತಪ್ಪಾತು ನೋಡ್ರಿ. ಮುನ್ನೂರ ಎಪ್ಪತ್ತೈದು ತಗಬೇಕಿತ್ತು.” ಕೇಳಿದವರು ತಲೆದೂಗುತ್ತಾರೆ. ಯಾವ ನಂಬರು ಒಳ್ಳೆಯದು ಎಂದು ಅಲ್ಲೇ ಚರ್ಚೆ ಶುರುವಾಗುತ್ತದೆ. ಒಬ್ಬನ ತೋಳು ಹೋಗುವುದರಲ್ಲಿತ್ತು ಅನ್ನುವುದು ಆ ಚರ್ಚೆಯಲ್ಲಿ ಬರುವುದಿಲ್ಲ. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತಿದ್ದೇನೆ. ಎರಡೂ ನಂಬರು ಹಂದಿ ದಾಟುತ್ತವೆ ಕಣ್ರಯ್ಯಾ! ಆ ಗಟ್ಟಿ ಗುಂಡು ಹಾಕಿದರೆ ಎರಡೂ ದಾಟುತ್ತವೆ!

ಸಾವ್ಕಾರ್ರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮಾತು ಬಿಟ್ಟರು, ಅಷ್ಟೇ. ಅಂಗಡಿ ನಡೆದೇ ಇತ್ತು. ಒಂದು ದಿನ ಹಡಗಲಿ ಕಡೆಯ ಒಬ್ಬ ಗುತ್ತಿಗೆದಾರರು ಬಂದರು. ಬಿಳಿ ಅಂಗಿ, ಸುಗಂಧ.

“ಶಿವನಗೌಡ್ರು ತಗಂಡಿದ್ದು ಯಾವುದಪ?”

“ನಾನೂರ ಐವತ್ತೆಂಟು.”

“ಅದನ್ನ ಪೊಲೀಸ್ರು ಒಯ್ದಾರಂತ. ಅದರ ಜೋಡಿಂದು ಐತಂತಲ್ಲ, ತೆಗಿ.”

ಮುನ್ನೂರ ಎಪ್ಪತ್ತೈದನ್ನು ತೆಗೆದುಕೊಟ್ಟೆ. ಕನ್ನಡಿಯ ಮುಂದೆ ನಿಂತರು.

“ಎಲ್ಲಿ ಹೊಡಿತೀರಿ ಅಣ್ಣಾರ?”

“ನಮ್ಮ ಹೊಲದಾಗಪ. ಶೇಂಗಾಕ್ಕ ಹಂದಿ ಬಿದ್ದಾವು. ನಾಡಿದ್ದು ಆಳು ಕರ್ಕಂಡು ಎಬ್ಬಿಸೋದೈತಿ.”

“ಹಂದಿ ಹಿಂದ ಯಾರಿರ್ತಾರ?”

ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. “ಹಿಂದ ಯಾರಿರ್ತಾರ? ಯಾರೂ ಇರಂಗಿಲ್ಲ. ಕುರಿಯವ್ರು ಇರ್ತಾರ, ಅಷ್ಟ.”

ರೈಫಲ್ಲನ್ನು ಅವರ ಕೈಯಿಂದ ಇಸಿದುಕೊಂಡೆ. ಬೀರುವಿನಲ್ಲಿಟ್ಟು ಬೀಗ ಹಾಕಿ, ಇನ್ನು ನನಗೆ ಬೇಡವೆಂದು ಕೀಲಿಯನ್ನು ಸಾವ್ಕಾರ್ರ ಮುಂದಿಟ್ಟೆ. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಮನುಷ್ಯ ಬಾಯಿ ತೆರೆದರು: “ಎಲ್ಲಿಗೆ ಹೊಂಟಿಯಲೇ?”

“ಆ ಹೊಲದಾಗ ಯಾರ ಕುರಿ ಅದಾವ ನೋಡಿ, ಎಬ್ಬಿಸಿ ಕಳಿಸ್ತೀನ್ರಿ” ಎಂದು ಹಡಗಲಿ ಬಸ್ಸು ಹತ್ತಿದೆ.